ಹಳೆಯ ವಿದ್ಯಾರ್ಥಿನಿಲಯಗಳ ನವೀಕರಣ

ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳ ವಾಸಕ್ಕೆಂದು ಹಿಂದಿನ ತಲೆಮಾರುಗಳು ಕಟ್ಟಿದ ಕಟ್ಟಡಗಳ ಗೋಡೆ, ಚಾವಣಿ, ಅಂಗಳ, ಪಡಸಾಲೆಗಳ ಮೂಲಸ್ವರೂಪ ಕೆಡದಂತೆ ಉಳಿಸಿಕೊಂಡು, ಇಂದಿನ ಬಾಳ್ವೆಗೆ ಬೇಕಾದ ನೀರು, ಒಳಚರಂಡಿ, ವಿದ್ಯುತ್ತು, ಬೆಂಕಿ ರಕ್ಷಣೆ, ಅಂತರಜಾಲ ಮೊದಲಾದ ಏರ್ಪಾಡುಗಳನ್ನು ಅವುಗಳಲ್ಲಿ ಅಳವಡಿಸುವ ಕೆಲಸ. ಎಂಜಿನಿಯರುಗಳು ಈ ಏರ್ಪಾಡುಗಳನ್ನೆಲ್ಲ ಒಟ್ಟಿಗೆ ಕಟ್ಟಡ ಸೇವೆಗಳು ಎಂದು ಕರೆಯುತ್ತಾರೆ. ಅರಮನೆ ಅಥವಾ ದೇವಾಲಯದ ಸಂರಕ್ಷಣೆಗೂ ವಿದ್ಯಾರ್ಥಿನಿಲಯದ ನವೀಕರಣಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಅರಮನೆಗೆ ಜನ ಬಂದು ನೋಡಿ ಹೋಗುತ್ತಾರೆ. ವಿದ್ಯಾರ್ಥಿನಿಲಯದಲ್ಲಾದರೋ ನೂರಾರು ಮಂದಿ ದಿನವೂ ಬೆಳಗಿನ ಒಂದೆರಡು ಗಂಟೆಗಳೊಳಗೆ ಮಿಂದು, ಬಟ್ಟೆ ಒಗೆದು, ಉಂಡು ತರಗತಿಗೆ ಹೊರಡುತ್ತಾರೆ. ಹೀಗೆ ದಿನನಿತ್ಯ ದುಡಿಯುವ ಕಟ್ಟಡವನ್ನು ಹೆಚ್ಚು ಕಾಲ ಬರಿದು ಮಾಡಲಾಗದೆ ದುರಸ್ತಿ ಮಾಡಬೇಕಾಗಿ ಬರುವುದೇ ಈ ಕೆಲಸದ ಮೂಲ ತೊಡಕು.

ಹಿನ್ನೆಲೆ

ಹಳೆಯ ಮೈಸೂರು ಸೀಮೆಯಲ್ಲಿ ವಿದ್ಯಾರ್ಥಿನಿಲಯ ಎಂಬ ಕಲ್ಪನೆ ರೂಢಿಗೆ ಬರುವ ಮೊದಲು ಓದಲು ಪಟ್ಟಣಕ್ಕೆ ಬಂದ ಬಡ ಹುಡುಗರಿಗೆ ವಾರಾನ್ನವೇ ಆಸರೆಯಾಗಿತ್ತು. ಅಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ, ಯಾವುದಾದರೂ ಮಠದ ಅಥವಾ ಛತ್ರದ ಜಗಲಿಯಲ್ಲಿ ನಿದ್ರೆ. ಈ ಪದ್ಧತಿ ಮೇಲುಜಾತಿಯವರ ಮಕ್ಕಳಿಗೆ ಮಾತ್ರ ತಕ್ಕಮಟ್ಟಿಗೆ ಒದಗುತ್ತಿದ್ದುದರಿಂದ, ಇತರ ಸಮುದಾಯಗಳು ತಮ್ಮ ಮಕ್ಕಳನ್ನು ಓದಿಸಬೇಕಾದರೆ ಊಟ ಮತ್ತು ಸೂರಿನ ಪ್ರಶ್ನೆಯನ್ನು ಮೊದಲು ಬಗೆಹರಿಸಬೇಕಾಯಿತು. ಗುಬ್ಬಿ ತೋಟದಪ್ಪನವರು 1903ರಲ್ಲಿ ಬೆಂಗಳೂರು ರೈಲು ನಿಲ್ದಾಣದ ಎದುರು ಕಟ್ಟಿಸಿದ ಧರ್ಮಛತ್ರ, ಅದರೊಡನೆ ಬೆಳೆದ ವಿದ್ಯಾರ್ಥಿನಿಲಯ, 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘದ ಹಾಸ್ಟೆಲುಗಳು, ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ತೆರೆದ ಉಚಿತ ವಿದ್ಯಾರ್ಥಿನಿಲಯ ಇವೆಲ್ಲ ಆ ಅಗತ್ಯದಿಂದ ಹುಟ್ಟಿದವು. ಬೆಂಗಳೂರಿನಲ್ಲಿ ದಲಿತ ವಿದ್ಯಾರ್ಥಿಗಳಿಗೆ ಆಸರೆಯಾದ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನ ದಿನಗಳು ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯಲ್ಲಿ ದಾಖಲಾಗಿವೆ. ಇಂಥ ಕಟ್ಟಡಗಳ ಚಾರಿತ್ರಿಕ ಮಹತ್ವ ಅವುಗಳ ಕಂಬ ಕಮಾನುಗಳಿಗಿಂತ ಹೆಚ್ಚಾಗಿ ಅಲ್ಲಿ ಉಂಡು ಓದಿದವರಲ್ಲಿದೆ ಎಂಬುದು ನಿಜ. ಆದರೆ ಆ ನೆನಪು ನಿಲ್ಲುವುದಕ್ಕೆ ಕಟ್ಟಡವೂ ನಿಂತಿರಬೇಕಾಗುತ್ತದೆ.

ಬೆಂಗಳೂರಿನ ಪಶ್ಚಿಮ ಭಾಗದ ಮಟ್ಟಿಗೆ ಚಿತ್ರ ಸ್ವಲ್ಪ ಬೇರೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಸ್ವಾತಂತ್ರ್ಯಾನಂತರದ ಬಡಾವಣೆಗಳಾದ್ದರಿಂದ ಅಲ್ಲಿ ಶತಮಾನ ಕಂಡ ಹಾಸ್ಟೆಲುಗಳನ್ನು ಹುಡುಕುವುದು ವ್ಯರ್ಥ. ಶತಮಾನದ ಕಟ್ಟಡಗಳಿರುವುದು ಇವುಗಳ ಅಂಚಿನಲ್ಲಿ: ಪೂರ್ವಕ್ಕೆ ಮೆಜೆಸ್ಟಿಕ್ಕಿನ ಸುತ್ತ, ಉತ್ತರಕ್ಕೆ 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ನೈರುತ್ಯದ ಕೆಂಗೇರಿಯ ಕಡೆಗೆ 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ನೆಲೆಗೊಂಡ ಸುಮಾರು 1,100 ಎಕರೆಯ ಜ್ಞಾನಭಾರತಿ ಆವರಣದ ಹಾಸ್ಟೆಲುಗಳು ಮತ್ತೊಂದು ತಲೆಮಾರಿಗೆ, ಅಂದರೆ ಕಾಂಕ್ರೀಟಿನ ತಲೆಮಾರಿಗೆ ಸೇರಿದವು. ಇವೆರಡರ ನಡುವೆ, ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು ಕಿಕ್ಕಿರಿದಿರುವ ವಿಜಯನಗರದಲ್ಲಿ, ಮೂವತ್ತು ನಲವತ್ತು ಅಡಿಯ ನಿವೇಶನದ ಮನೆಗಳೇ ಪೇಯಿಂಗ್ ಗೆಸ್ಟ್ ವಸತಿಗಳಾಗಿ ಮಾರ್ಪಟ್ಟಿವೆ. ಇವು ಚಾರಿತ್ರಿಕ ಕಟ್ಟಡಗಳಲ್ಲವಾದರೂ, ಒಂದು ಸಂಸಾರಕ್ಕೆಂದು ಕಟ್ಟಿದ ಗೋಡೆ ಕೊಳವೆಗಳ ಮೇಲೆ ಮೂವತ್ತು ಮಂದಿಯ ಹೊರೆ ಬಿದ್ದರೆ ಏನಾಗುತ್ತದೆಂಬುದನ್ನು ಇವು ದಿನವೂ ತೋರಿಸುತ್ತವೆ.

ಎರಡು ತಲೆಮಾರಿನ ಕಟ್ಟಡಗಳು

ಮೊದಲ ತಲೆಮಾರಿನ ವಿದ್ಯಾರ್ಥಿನಿಲಯಗಳು ಸುಣ್ಣದ ಕಟ್ಟಡಗಳು. ಒಂದೂವರೆ ಎರಡು ಅಡಿ ದಪ್ಪದ ಕಲ್ಲಿನ ಅಥವಾ ಇಟ್ಟಿಗೆಯ ಗೋಡೆ. ಸುಣ್ಣಕ್ಕೆ ಮರಳು ಮತ್ತು ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ, ಬೆರೆಸಿ ಅರೆದ ಗಾರೆ. ಮೇಲೆ ಮಂಗಳೂರು ಹೆಂಚಿನ ಇಳಿಜಾರು ಮಾಡು ಅಥವಾ ಮದ್ರಾಸ್ ತಾರಸಿ. ಮದ್ರಾಸ್ ತಾರಸಿ ಎಂದರೆ ತೇಗದ ತೊಲೆ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಗೋಡೆಗೆ ಓರೆಯಾಗಿ ಸಾಲು ಜೋಡಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿಯ ಸುಣ್ಣದ ಗಚ್ಚು ಹಾಕಿ ಬಡಿದು ಗಟ್ಟಿಮಾಡಿದ ಚಾವಣಿ. ಈ ಬಗೆಯ ಕಟ್ಟಡದ ಮುಖ್ಯ ಗುಣವೆಂದರೆ ಅದು ಉಸಿರಾಡುತ್ತದೆ: ಮಳೆಗಾಲದಲ್ಲಿ ಹೀರಿದ ತೇವವನ್ನು ಸುಣ್ಣದ ಗಿಲಾವಿನ ಸೂಕ್ಷ್ಮರಂಧ್ರಗಳ ಮೂಲಕ ಬೇಸಿಗೆಯಲ್ಲಿ ಹೊರಗೆ ಬಿಡುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಹದವಾದ ಹವೆಯಲ್ಲಿ ದಪ್ಪ ಗೋಡೆ, ಎತ್ತರದ ಚಾವಣಿ, ಎದುರುಬದುರು ಕಿಟಕಿಗಳು ಇದ್ದರೆ ಹವಾನಿಯಂತ್ರಣ ಯಂತ್ರದ ಅಗತ್ಯವೇ ಬೀಳುವುದಿಲ್ಲ. ಆದ್ದರಿಂದ ಇಲ್ಲಿನ ಹಳೆಯ ಹಾಸ್ಟೆಲಿನ ನವೀಕರಣದಲ್ಲಿ ಮಾಡಬೇಕಾದ ಮೊದಲ ಆಧುನೀಕರಣ, ಹಲಗೆ ಬಡಿದು ಮುಚ್ಚಿದ ಗವಾಕ್ಷಿಗಳನ್ನು ಮತ್ತೆ ತೆರೆಯುವುದೇ ಎಂದರೆ ತಪ್ಪಾಗದು.

ಎರಡನೆಯ ತಲೆಮಾರು ಕಾಂಕ್ರೀಟಿನದು. 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಂದೆ ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾದ ಜರ್ಮನ್ ಸಂಜಾತ ಒಟ್ಟೊ ಕೋನಿಗ್ಸ್‌ಬರ್ಗರ್ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಊಟದ ಮನೆ ಮತ್ತು ಸಭಾಂಗಣವೂ ಸೇರಿದಂತೆ ಹಲವು ಕಟ್ಟಡಗಳನ್ನು ರೂಪಿಸಿ, ಬಿಸಿಲು ಗಾಳಿಗಳಿಗೆ ತಕ್ಕಂತೆ ಹೊಸ ಸಾಮಗ್ರಿಯನ್ನು ಬಳಸುವ ಬಗೆಯನ್ನು ತೋರಿಸಿಕೊಟ್ಟರು. ಅನಂತರದ ದಶಕಗಳಲ್ಲಿ ಸರ್ಕಾರಿ ಹಾಸ್ಟೆಲುಗಳು, ವಿಶ್ವವಿದ್ಯಾಲಯದ ನಿಲಯಗಳು ಇದೇ ಸಾಮಗ್ರಿಯಲ್ಲಿ, ಆದರೆ ಆ ಎಚ್ಚರವಿಲ್ಲದೆ, ಸಾಲುಸಾಲಾಗಿ ಎದ್ದವು. ಕಾಂಕ್ರೀಟಿಗೆ ಸಾವಿಲ್ಲವೆಂಬ ಆಗಿನ ನಂಬಿಕೆ ಹುಸಿಯಾದುದಕ್ಕೆ ಕಾರಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್. ಹೊಸ ಕಾಂಕ್ರೀಟು ತೀವ್ರ ಕ್ಷಾರೀಯವಾಗಿದ್ದು ಒಳಗಿನ ಕಬ್ಬಿಣದ ಸರಳಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ; ಇಂಗಾಲದ ಡೈಆಕ್ಸೈಡ್ ವರ್ಷಗಳ ಕಾಲ ಒಳಗಿಳಿದಂತೆ ಈ ಕ್ಷಾರಗುಣ ಕುಂದುತ್ತದೆ. ಇದಕ್ಕೆ ಕಾರ್ಬೊನೀಕರಣ ಎಂದು ಹೆಸರು. ಅದು ಸರಳನ್ನು ಮುಟ್ಟಿದ ಮೇಲೆ ತುಕ್ಕು ಏಳುತ್ತದೆ, ತುಕ್ಕು ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಆ ಒತ್ತಡಕ್ಕೆ ಕಾಂಕ್ರೀಟು ಹಳುಕು ಹಳುಕಾಗಿ ಸಿಡಿದು ಮಂಚದ ಮೇಲೆ ಬೀಳುತ್ತದೆ. ಕಾಂಕ್ರೀಟು ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆಯ 1978ರ ಆವೃತ್ತಿಯಲ್ಲಿ ಚಾವಣಿಯ ಸರಳಿನ ಮೇಲೆ ಇರಬೇಕಾದ ಕನಿಷ್ಠ ಹೊದಿಕೆ 15 ಮಿಲಿಮೀಟರ್ ಮಾತ್ರ ಇದ್ದುದನ್ನು ನೆನೆದರೆ, ಆ ಕಾಲದ ಹಾಸ್ಟೆಲುಗಳು ಸುಣ್ಣದ ಕಟ್ಟಡಗಳಿಗಿಂತ ಬೇಗ ಮುಪ್ಪಾದುದು ಅಚ್ಚರಿಯಲ್ಲ.

ನೀರು

ಹಳೆಯ ಹಾಸ್ಟೆಲುಗಳನ್ನು ಕೆಡವಿದ್ದು ವಯಸ್ಸಲ್ಲ, ನೀರು. ಮೂಲ ವಿನ್ಯಾಸದಲ್ಲಿ ನೀರಿನ ಕೆಲಸಗಳೆಲ್ಲ ವಾಸದ ಕಟ್ಟಡದ ಹೊರಗಿದ್ದವು: ಹಿತ್ತಲಲ್ಲಿ ಬಾವಿ, ಅದರ ಪಕ್ಕದಲ್ಲಿ ತಾಮ್ರದ ಹಂಡೆ ಹೂತ ಬಚ್ಚಲಮನೆ, ಒಗೆಯುವ ಕಲ್ಲು, ಇನ್ನೂ ಆಚೆಗೆ ಕಕ್ಕಸುಗಳ ಸಾಲು. ಮಡಿ ಮೈಲಿಗೆಯ ಕಾರಣಕ್ಕೋ ದುರ್ವಾಸನೆಯ ಕಾರಣಕ್ಕೋ ಮಾಡಿದ ಈ ಏರ್ಪಾಡು ಕಟ್ಟಡದ ಆಯುಸ್ಸಿಗೆ ವರವಾಗಿತ್ತು. ನಗರಕ್ಕೆ 1890ರ ದಶಕದಲ್ಲಿ ಹೆಸರಘಟ್ಟದ ನೀರು, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯ ನೀರು, 1974ರಲ್ಲಿ ಕಾವೇರಿ ನೀರು ನಲ್ಲಿಯಲ್ಲಿ ಬರತೊಡಗಿದಂತೆ ಬಚ್ಚಲು ಕಕ್ಕಸುಗಳು ಕಟ್ಟಡದೊಳಕ್ಕೆ, ಕ್ರಮೇಣ ಮಹಡಿಯ ಮೇಲಕ್ಕೆ ಏರಿದವು. ಒಣಗಿರಬೇಕಾದ ಮದ್ರಾಸ್ ತಾರಸಿಯ ಮೇಲೆ ಸಿಮೆಂಟು ಸುರಿದು ಸ್ನಾನದ ಕೋಣೆ ಮಾಡಿದ ಕಡೆಗಳಲ್ಲಿ ಸಂದಿನಿಂದ ಇಳಿದ ನೀರು ತೊಲೆಯ ತುದಿಗಳನ್ನು, ಅದರಲ್ಲೂ ಕಣ್ಣಿಗೆ ಬೀಳದಂತೆ ಗೋಡೆಯೊಳಗೆ ಕೂತ ಭಾಗವನ್ನು, ಕೊಳೆಸಿತು.

ಇದರ ಮೇಲೆ ನಡೆದ ದುರಸ್ತಿಯೇ ಎರಡನೆಯ ಕೇಡು. ತೇವ ಕಂಡ ಕೂಡಲೇ ಸುಣ್ಣದ ಗಿಲಾವನ್ನು ಕೆತ್ತಿ ಸಿಮೆಂಟು ಬಳಿದು, ಅದರ ಮೇಲೆ ನೀರು ಹಿಡಿಯದ ಬಣ್ಣ ಹೊಡೆಯುವುದು ರೂಢಿಯಾಯಿತು. ಸಿಮೆಂಟು ತೇವವನ್ನು ಹೊರಗೆ ಬಿಡದು. ಒಳಗೆ ಸಿಕ್ಕಿಕೊಂಡ ನೀರು ಇಟ್ಟಿಗೆಯಲ್ಲಿರುವ ಲವಣಗಳನ್ನು ಕರಗಿಸಿ ಮೇಲಕ್ಕೆ ಏರುತ್ತ, ಸಿಮೆಂಟು ನಿಂತಲ್ಲಿಂದ ಒಂದೆರಡು ಅಡಿ ಮೇಲೆ ಮತ್ತೆ ಬಿಳಿಯ ಹುಡಿಯಾಗಿ ಕಾಣಿಸಿಕೊಳ್ಳುತ್ತದೆ. ಹೊರಗೆ ನಯವಾಗಿ ಕಾಣುವ ಗೋಡೆಯ ಒಳಗಿನ ಗಾರೆ ಮಣ್ಣಾಗುತ್ತ ಹೋಗುತ್ತದೆ. ಮೈಸೂರಿನಲ್ಲಿ 2016ರ ಆಗಸ್ಟಿನಲ್ಲಿ ದುರಸ್ತಿ ನಡೆಯುತ್ತಿದ್ದ ದೇವರಾಜ ಮಾರುಕಟ್ಟೆಯ ಒಂದು ಭಾಗವೂ, 2022ರ ಅಕ್ಟೋಬರಿನ ಮಳೆಯಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗವೂ ಕುಸಿದದ್ದು ಈ ಬಗೆಯ ಕಟ್ಟಡಗಳನ್ನು ಮುಟ್ಟುವಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ರಾಜ್ಯಕ್ಕೆಲ್ಲ ನೆನಪಿಸಿತು. ಸರಿಯಾದ ಕ್ರಮವೆಂದರೆ ಮೊದಲು ಸೋರುವ ಮೂಲವನ್ನು ನಿಲ್ಲಿಸಿ, ಸಿಮೆಂಟನ್ನು ತೆಗೆದು, ಗೋಡೆಯನ್ನು ತಿಂಗಳುಗಟ್ಟಲೆ ಒಣಗಲು ಬಿಟ್ಟು, ಅನಂತರ ಸುಣ್ಣದಲ್ಲೇ ಗಿಲಾವು ಮಾಡುವುದು.

ಬಚ್ಚಲು ಕಕ್ಕಸುಗಳನ್ನು ಮತ್ತೆ ಹೊರಗೆ ಹಾಕುವುದೇ ನವೀಕರಣದ ಅತ್ಯುತ್ತಮ ಉಪಾಯ. ಹಾಗೆಂದರೆ ವಿದ್ಯಾರ್ಥಿಗಳನ್ನು ರಾತ್ರಿಯಲ್ಲಿ ಹಿತ್ತಲಿಗೆ ಕಳಿಸುವುದೆಂದಲ್ಲ. ಮೂಲ ಕಟ್ಟಡದ ಹಿಂಬದಿಗೆ, ಅದರ ಗೋಡೆಗೆ ಭಾರ ಹಾಕದಂತೆ ಸ್ವಂತ ಅಡಿಪಾಯದ ಮೇಲೆ ನಿಂತ ಸೇವಾ ಗೋಪುರವೊಂದನ್ನು ಕಟ್ಟಿ, ಪ್ರತಿ ಮಹಡಿಯಲ್ಲಿಯೂ ಸಣ್ಣ ಸೇತುವೆಯಿಂದ ಪಡಸಾಲೆಗೆ ಜೋಡಿಸುವುದು. ಲಿಫ್ಟು, ಕೊಳವೆಗಳು, ವಿದ್ಯುತ್ ತಂತಿಗಳ ಏರುದಾರಿ, ಬೆಂಕಿಯ ಸಮಯದ ಎರಡನೆಯ ಮೆಟ್ಟಿಲು ಎಲ್ಲವನ್ನೂ ಅದರಲ್ಲೇ ಸೇರಿಸಬಹುದು. ಕೊಳವೆ ತಂತಿಗಳು ಇಪ್ಪತ್ತು ಮೂವತ್ತು ವರ್ಷಕ್ಕೆ ಹಳತಾಗುವಂಥವು, ಗೋಡೆ ನೂರು ವರ್ಷ ದಾಟುವಂಥದು. ಅಲ್ಪಾಯುವನ್ನು ದೀರ್ಘಾಯುವಿನೊಳಗೆ ಹುದುಗಿಸಿದರೆ ಪ್ರತಿ ತಲೆಮಾರೂ ಗೋಡೆಯನ್ನು ಕೊರೆಯಬೇಕಾಗುತ್ತದೆ. ಕೊಳವೆಗಳನ್ನು ಹೊರಗೆ ಕಾಣುವಂತೆ ಹಾಯಿಸುವುದು ಅಂದಗೇಡೆಂದು ಆಡಳಿತ ಮಂಡಳಿಗಳು ಮೂಗು ಮುರಿಯುವುದುಂಟು, ಆದರೆ ಕಾಣುವ ಕೊಳವೆ ಸೋರಿದರೆ ಆ ದಿನವೇ ತಿಳಿಯುತ್ತದೆ.

ಪ್ರಮಾಣದ ಲೆಕ್ಕವನ್ನೂ ಗಮನಿಸಬೇಕು. ಭಾರತೀಯ ಮಾನಕಗಳಂತೆ ಹಾಸ್ಟೆಲಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರನ್ನು ಎಣಿಕೆಗೆ ಹಿಡಿಯುತ್ತಾರೆ. 200 ವಿದ್ಯಾರ್ಥಿಗಳಿದ್ದರೆ 27,000 ಲೀಟರ್. ಇದರ ಅರ್ಧವನ್ನು ತಾರಸಿಯ ಟ್ಯಾಂಕುಗಳಲ್ಲಿ ಏರಿಸಿಟ್ಟರೂ ಹದಿಮೂರು ಟನ್ನಿಗೂ ಮೀರಿದ ಭಾರ, ಅದೂ ಒಂದೇ ಕಡೆ, ತೊಲೆಗಳ ಮೇಲೆ ಬೀಳುತ್ತದೆ. ಕರ್ನಾಟಕದಲ್ಲಿ ಕಡ್ಡಾಯವಾಗಿರುವ ಸೌರ ಜಲತಾಪಕಗಳ ಭಾರ ಇದರ ಮೇಲೆ. ಆದ್ದರಿಂದ ನೆಲದಡಿಯ ಸಂಪಿನಿಂದ ಒತ್ತಡದ ಪಂಪಿನ ಮೂಲಕ ನೇರವಾಗಿ ನಲ್ಲಿಗೆ ನೀರು ಕೊಡುವುದು, ಸೌರ ಫಲಕಗಳನ್ನು ಸೇವಾ ಗೋಪುರದ ಅಥವಾ ಹೊಸ ಊಟದ ಮನೆಯ ಮೇಲೆ ಇಡುವುದು ಲೇಸು. ಬೆಂಗಳೂರು ಜಲಮಂಡಳಿ ಕಾಯಿದೆಯ 2009ರ ತಿದ್ದುಪಡಿಯ ನಂತರ ಮಂಡಳಿಯ ವ್ಯಾಪ್ತಿಯಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಹಳೆಯ ಹಾಸ್ಟೆಲಿಗೆ ಇದು ಹೊರೆಯಲ್ಲ, ಏಕೆಂದರೆ ಇಳಿಜಾರು ಮಾಡು ಮಳೆನೀರು ಹಿಡಿಯಲು ಹೇಳಿ ಮಾಡಿಸಿದಂಥದು, ಹಿತ್ತಲಿನ ಬಾವಿ ಮುಚ್ಚಿರದಿದ್ದರೆ ಇಂಗುಬಾವಿ ಆಗಲೇ ಸಿದ್ಧವಿದೆ. ಬಳಸಿದ ನೀರಿನ ಪಾಡು ಮಾತ್ರ ಪಶ್ಚಿಮ ಬೆಂಗಳೂರಿನಲ್ಲಿ ಎಲ್ಲರ ಕಣ್ಣೆದುರಿಗಿದೆ: ಇಲ್ಲಿನ ಬಡಾವಣೆಗಳ ಕೊಳೆನೀರು ಹರಿದು ಸೇರುವ ವೃಷಭಾವತಿ, ಜ್ಞಾನಭಾರತಿಯ ಬದಿಯಿಂದಲೇ ಕೆಂಗೇರಿಯ ಕಡೆಗೆ ಸಾಗುತ್ತದೆ. ಸ್ನಾನದ ನೀರನ್ನು ಕಕ್ಕಸಿನ ನೀರಿನಿಂದ ಬೇರ್ಪಡಿಸಿ, ಶುದ್ಧಮಾಡಿ, ಫ್ಲಶ್‌ಗೂ ತೋಟಕ್ಕೂ ಮರಳಿ ಬಳಸುವ ಜೋಡಿ ಕೊಳವೆಗಳನ್ನು ಹಾಕಲು ನವೀಕರಣದ ಸಮಯಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ.

ವಿದ್ಯುತ್ತು, ಅಂತರಜಾಲ, ಬೆಂಕಿ

ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡದ್ದು 1905ರ ಆಗಸ್ಟ್ 5ರಂದು. ಹಾಸ್ಟೆಲ್ ಕೋಣೆಗಳಿಗೆ ದೀಪ ಬಂದಾಗ ಕೋಣೆಗೊಂದು ಬಲ್ಬು ಉರಿಯುವಷ್ಟು ತಂತಿಯನ್ನು ಮರದ ಪಟ್ಟಿಗೆ ಬಿಗಿದು ಎಳೆದರೆ ಸಾಕಾಗಿತ್ತು. 60 ವಾಟ್ ಬಲ್ಬಿಗೆಂದು ಎಳೆದ ಆ ತಂತಿಗೆ ಇಂದು ಲ್ಯಾಪ್‌ಟಾಪು, ಮೊಬೈಲು, ಇಸ್ತ್ರಿಪೆಟ್ಟಿಗೆಗಳ ಜೊತೆಗೆ, ನಿಲಯಪಾಲಕರ ಕಣ್ಣು ತಪ್ಪಿಸಿ 1,500 ವಾಟ್‌ಗಳ ಕೆಟಲು ಅಥವಾ ನೀರು ಕಾಯಿಸುವ ಕಾಯಿಲು ಸೇರಿಕೊಳ್ಳುತ್ತದೆ. 230 ವೋಲ್ಟಿನಲ್ಲಿ ಕೆಟಲೊಂದೇ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. ನಿಷೇಧದ ಫಲಕಗಳು ಇದನ್ನು ತಡೆದ ಉದಾಹರಣೆ ಅಪರೂಪ. ಪ್ರತಿ ಮಹಡಿಗೊಂದು ಪುಟ್ಟ ಅಡುಗೆ ಕಟ್ಟೆಯನ್ನು ಭಾರಿ ತಂತಿಯೊಡನೆ ಒದಗಿಸುವುದೇ ಕ್ಷೇಮ. ಹಳೆಯ ತಂತಿಯನ್ನೆಲ್ಲ ಕಿತ್ತು, ಭೂಸಂಪರ್ಕವನ್ನು ಹೊಸದಾಗಿ ಕೊಟ್ಟು, ಪ್ರತಿ ಮಂಡಲಕ್ಕೂ 30 ಮಿಲಿ ಆಂಪಿಯರ್ ಸೋರಿಕೆಗೇ ಕಡಿತವಾಗುವ ಸೋರಿಕೆ ತಡೆ ಸ್ವಿಚ್ಚನ್ನು ಹಾಕುವುದು ಕನಿಷ್ಠ ಕ್ರಮ. ತೇವದ ಗೋಡೆಯಲ್ಲಿ ವಿದ್ಯುತ್ತು ಹರಿಯುವ ಅಪಾಯ ಹಳೆಯ ಕಟ್ಟಡಗಳಲ್ಲಿ ಹೆಚ್ಚು.

ಎರಡಡಿ ದಪ್ಪದ ಕಲ್ಲುಗೋಡೆ ವೈಫೈ ಅಲೆಗಳನ್ನು ನುಂಗಿಬಿಡುವುದರಿಂದ ಪಡಸಾಲೆಯ ತುದಿಯಲ್ಲಿಟ್ಟ ಒಂದು ಪೆಟ್ಟಿಗೆ ಸಾಲದು. ಒಂದೆರಡು ಕೋಣೆಗೊಂದರಂತೆ ಕಡಿಮೆ ಶಕ್ತಿಯ ಹಲವು ಪೆಟ್ಟಿಗೆಗಳು ಬೇಕು, ಅವುಗಳ ಕೇಬಲುಗಳನ್ನು ಪಡಸಾಲೆಯ ಗೋಡೆಯ ಮೇಲಂಚಿನಲ್ಲಿ ಬಿಚ್ಚಬಹುದಾದ ಕೇಬಲ್ ಪಟ್ಟಿಯೊಳಗೆ ಒಯ್ಯಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಹಾಸ್ಟೆಲುಗಳನ್ನು ವಾಸದ ಕಟ್ಟಡಗಳ ಎ-3 ಉಪವರ್ಗದಲ್ಲಿ ಸೇರಿಸಿ ಬೆಂಕಿಯ ನಿಯಮಗಳನ್ನು ಹೇಳಿದೆ. ಹಳೆಯ ಹಾಸ್ಟೆಲಿನ ನಡುವೆ ತೆರೆದು ನಿಂತ ಮರದ ಮೆಟ್ಟಿಲು, ಬೆಂಕಿ ಬಿದ್ದರೆ ಹೊಗೆಗೂಡಿನಂತೆ ವರ್ತಿಸುವುದರಿಂದ ಅದೊಂದನ್ನೇ ನಂಬುವಂತಿಲ್ಲ. ಅಂಗವಿಕಲರ ಹಕ್ಕುಗಳ 2016ರ ಅಧಿನಿಯಮದಂತೆ ಎಲ್ಲರಿಗೂ ಪ್ರವೇಶ ಸಾಧ್ಯವಾಗಬೇಕಿದ್ದು, ಎತ್ತರದ ಜಗಲಿಯ ಹಳೆಯ ಕಟ್ಟಡದಲ್ಲಿ ಒಂದಕ್ಕೆ ಹನ್ನೆರಡರ ಇಳಿಜಾರಿನ ಹಾದಿಗೆ ಅಂಗಳದ ಪಕ್ಕದಲ್ಲಿ ಸಾಕಷ್ಟು ಉದ್ದ ಹೊಂದಿಸಬೇಕಾಗುತ್ತದೆ. ಭೂಕಂಪದ ವಿಚಾರದಲ್ಲಿ ಬೆಂಗಳೂರು ಐಎಸ್ 1893 ಮಾನಕದ 2016ರ ಆವೃತ್ತಿಯಂತೆ ಕಡಿಮೆ ಅಪಾಯದ ಎರಡನೆಯ ವಲಯದಲ್ಲಿದ್ದುದರಿಂದ, ಗೋಡೆಯ ಮೂಲೆಗಳನ್ನೂ ಚಾವಣಿಯನ್ನೂ ಒಂದಕ್ಕೊಂದು ಬಿಗಿದು ಕಟ್ಟುವ ಸರಳ ಕ್ರಮಗಳಿಂದಲೇ ಹೆಚ್ಚಿನ ಪ್ರಯೋಜನವಿದೆ.

ಅಹಮದಾಬಾದಿನ ಪ್ರಕರಣ

ಕಾಂಕ್ರೀಟು ಯುಗದ ವಿದ್ಯಾರ್ಥಿನಿಲಯವನ್ನು ಪರಂಪರೆಯೆಂದು ಎಣಿಸಬೇಕೆ ಎಂಬ ಪ್ರಶ್ನೆ ದೇಶದಲ್ಲಿ ಬಿಸಿಯಾಗಿ ಚರ್ಚೆಯಾದದ್ದು ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ವಿಷಯದಲ್ಲಿ. ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ 1960ರ ದಶಕದಲ್ಲಿ ರೂಪಿಸಿದ, ದೊಡ್ಡ ಕಮಾನುಗಳ ಬೋಳು ಇಟ್ಟಿಗೆಯ 18 ವಸತಿ ಕಟ್ಟಡಗಳಲ್ಲಿ 14ನ್ನು ಕೆಡವಿ ಹೊಸದಾಗಿ ಕಟ್ಟುವ ಯೋಚನೆಯನ್ನು ಸಂಸ್ಥೆ 2020ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಸೋರುವ ಚಾವಣಿ, ಸವೆದ ಇಟ್ಟಿಗೆ, ಇಟ್ಟಿಗೆಯ ಒಳಗೆ ಹುದುಗಿಸಿದ ಸರಳುಗಳ ತುಕ್ಕು, 2001ರ ಭೂಕಂಪದ ಬಿರುಕುಗಳು ಸಂಸ್ಥೆ ಕೊಟ್ಟ ಕಾರಣಗಳು. ಜಗತ್ತಿನ ನಾನಾ ಕಡೆಗಳಿಂದ ಆಕ್ಷೇಪ ಬಂದ ಮೇಲೆ 2021ರ ಜನವರಿ 1ರಂದು ಪ್ರಸ್ತಾವವನ್ನು ಹಿಂತೆಗೆದುಕೊಂಡಿತಾದರೂ, 2022ರಲ್ಲಿ ಕೆಲವು ಕಟ್ಟಡಗಳನ್ನು ಮರಳಿ ಕಟ್ಟಬೇಕಾಗುತ್ತದೆಂಬ ನಿಲುವನ್ನು ಮತ್ತೆ ಮುಂದಿಟ್ಟಿತು. ಅದೇ ಆವರಣದ ವಿಕ್ರಮ್ ಸಾರಾಭಾಯಿ ಗ್ರಂಥಾಲಯವನ್ನು ಬೃಂದಾ ಸೋಮಯ ಅವರ ಸಂಸ್ಥೆ ದುರಸ್ತಿ ಮಾಡಿ 2019ರಲ್ಲಿ ಯುನೆಸ್ಕೊ ಮನ್ನಣೆ ಪಡೆದಿತ್ತೆಂಬುದು ಉಳಿಸಬೇಕೆನ್ನುವವರ ವಾದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಎರಡೂ ಕಡೆಯ ಮಾತಿನಲ್ಲಿ ಸತ್ಯವಿದೆ. ಆದರೆ ಗ್ರಂಥಾಲಯವನ್ನು ಕೆಲಕಾಲ ಮುಚ್ಚಬಹುದು, ನಿಲಯವನ್ನು ಮುಚ್ಚುವುದು ಅಷ್ಟು ಸುಲಭವಲ್ಲ ಎಂಬ ವ್ಯತ್ಯಾಸ ಚರ್ಚೆಯಲ್ಲಿ ಹಿಂದೆ ಸರಿಯಿತು. ಕಾನ್ ಅವರ ಕೆಲಸದಲ್ಲಿ ಜೊತೆಯಾಗಿದ್ದ ಬಾಲಕೃಷ್ಣ ದೋಷಿಯವರೇ ಮುಂದೆ ಬೆಂಗಳೂರಿನ ನಿರ್ವಹಣಾ ಸಂಸ್ಥೆಯನ್ನು ಸ್ಥಳೀಯ ಕಣಶಿಲೆಯ ಬೋಳುಗೋಡೆಗಳಲ್ಲಿ, ಬಳ್ಳಿ ಹಬ್ಬಿದ ಓಣಿಗಳೊಡನೆ ರೂಪಿಸಿದರು. ಬೋಳು ಇಟ್ಟಿಗೆಗಿಂತ ಬೋಳು ಕಣಶಿಲೆ ಮಳೆಗೆ ಹೆಚ್ಚು ತಾಳುತ್ತದೆ ಎಂಬುದನ್ನು ಎರಡೂ ಆವರಣ ಕಂಡವರು ಗುರುತಿಸಬಲ್ಲರು.

ಕಾನೂನು ಮತ್ತು ಕಾಲ

1958ರ ಕೇಂದ್ರ ಪುರಾತತ್ತ್ವ ಅಧಿನಿಯಮ ಕನಿಷ್ಠ 100 ವರ್ಷ ಹಳೆಯ ರಚನೆಗಳನ್ನಷ್ಟೇ ಪುರಾತನವೆಂದು ಗಣಿಸುತ್ತದೆ. ಆ ಲೆಕ್ಕದಲ್ಲಿ ಜ್ಞಾನಭಾರತಿಯ ನಿಲಯಗಳು ಇನ್ನೂ ಅರ್ಧದಾರಿಯಲ್ಲಿವೆ. ಸಮುದಾಯಗಳ ಹಾಸ್ಟೆಲುಗಳಲ್ಲಿ ಕೆಲವು ವಯಸ್ಸಿನಿಂದ ಅರ್ಹವಾದರೂ, ಟ್ರಸ್ಟುಗಳ ಖಾಸಗಿ ಸ್ವತ್ತಾಗಿ ಬೆಲೆಬಾಳುವ ನಿವೇಶನಗಳ ಮೇಲೆ ನಿಂತಿವೆ. 2021ರ ಆಗಸ್ಟಿನಲ್ಲಿ ಮೆಟ್ರೊ ನೇರಳೆ ಮಾರ್ಗ ಮೈಸೂರು ರಸ್ತೆಯಿಂದ ಕೆಂಗೇರಿಯವರೆಗೆ ಬಂದ ಮೇಲೆ ಈ ಮಾರ್ಗದ ಆಸುಪಾಸಿನಲ್ಲಿ ಪ್ರತಿ ಚದರಡಿಯ ಮೇಲಿನ ಒತ್ತಡವೂ ಏರಿತು. ಹಳೆಯದನ್ನು ಕೆಡವಿ ಐದು ಮಹಡಿ ಎಬ್ಬಿಸಿದರೆ ಹಾಸಿಗೆಗಳ ಸಂಖ್ಯೆ ಹೆಚ್ಚುವುದು ನಿಜವಾದ್ದರಿಂದ, ಸೀಟಿಲ್ಲದೆ ಮರಳುವ ಹಳ್ಳಿಯ ವಿದ್ಯಾರ್ಥಿಯ ಕಡೆಯಿಂದ ನೋಡಿದಾಗ ಆ ವಾದವನ್ನು ಸುಮ್ಮನೆ ತಳ್ಳಿಹಾಕಲಾಗದು. ನಿವೇಶನದಲ್ಲಿ ಜಾಗವಿದ್ದಲ್ಲಿ ಹೆಚ್ಚಿನ ಹಾಸಿಗೆಗಳನ್ನು ಹಿಂಬದಿಯ ಹೊಸ ಕಟ್ಟಡಕ್ಕೆ ಕೊಟ್ಟು, ಹಳೆಯದರಲ್ಲಿ ಕೋಣೆಗೆ ಮೂಲತಃ ಇದ್ದಷ್ಟೇ ಮಂದಿಯನ್ನು ಇರಿಸುವುದು ಎರಡಕ್ಕೂ ಹೊಂದುವ ದಾರಿ.

ಕೊನೆಗೆ ಉಳಿಯುವ ತೊಡಕು ಪಂಚಾಂಗದ್ದು. ಹಾಸ್ಟೆಲು ಬರಿದಾಗುವುದು ಬೇಸಿಗೆ ರಜೆಯಲ್ಲಿ, ಹೆಚ್ಚೆಂದರೆ ಎರಡು ತಿಂಗಳು. ಸುಣ್ಣದ ಗಾರೆ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ನಿಧಾನವಾಗಿ ಗಟ್ಟಿಯಾಗುವಂಥದು, ಒಂದು ಪದರಕ್ಕೂ ಇನ್ನೊಂದಕ್ಕೂ ವಾರಗಳ ಬಿಡುವು ಬೇಡುವಂಥದು. ಏಪ್ರಿಲ್ ಬಿಸಿಲಿಗೆ ಅದು ಬೇಗ ಒಣಗಿ ಬಿರಿಯದಂತೆ ಒದ್ದೆ ಗೋಣಿಚೀಲ ಹೊದಿಸಿ ಕಾಯಬೇಕು. ಸಿಮೆಂಟು ಮರುದಿನವೇ ಕೈಗೆ ಗಟ್ಟಿಯಾಗಿ ಸಿಗುತ್ತದೆ. ಬೆಂಗಳೂರಿನ ಹಳೆಯ ಹಾಸ್ಟೆಲುಗಳ ಗೋಡೆಗೆ ಸಿಮೆಂಟು ಏರಿದ್ದಕ್ಕೆ ಮೇಸ್ತ್ರಿಯ ಅಜ್ಞಾನಕ್ಕಿಂತ, ಜೂನಿನಲ್ಲಿ ಮಳೆಯೂ ವಿದ್ಯಾರ್ಥಿಗಳೂ ಒಟ್ಟಿಗೆ ಬಂದುಬಿಡುವುದು ಹೆಚ್ಚಿನ ಕಾರಣ. ಅಮೆರಿಕದ ಯೇಲ್ ವಿಶ್ವವಿದ್ಯಾಲಯ 1998ರಿಂದ 2011ರವರೆಗೆ ತನ್ನ 12 ವಸತಿ ಕಾಲೇಜುಗಳನ್ನು ಸರದಿಯಂತೆ ನವೀಕರಿಸಿದಾಗ, ಕೆಲಸ ನಡೆಯುವ ಕಾಲೇಜಿನವರು ಆ ವರ್ಷ ಇರಲೆಂದೇ ಪ್ರತ್ಯೇಕ ಕಟ್ಟಡವೊಂದನ್ನು ಮೊದಲು ಕಟ್ಟಿಕೊಂಡಿತು. ಅಷ್ಟು ಹಣವಿಲ್ಲದ ಇಲ್ಲಿನ ಟ್ರಸ್ಟುಗಳು ಹಾಸ್ಟೆಲಿನ ಒಂದೊಂದೇ ರೆಕ್ಕೆಯನ್ನು ಒಂದೊಂದು ವರ್ಷ ಪೂರ್ತಿ ಖಾಲಿ ಮಾಡಿ, ಅಲ್ಲಿನ ಹುಡುಗರಿಗೆ ಹತ್ತಿರದ ಬೀದಿಯಲ್ಲಿ ಮನೆಗಳನ್ನು ಬಾಡಿಗೆಗೆ ಹಿಡಿದು, ಊಟವನ್ನು ಮಾತ್ರ ಹಳೆಯ ಪಂಕ್ತಿಯಲ್ಲೇ ಮುಂದುವರಿಸಬಹುದು. ಹಾಗೆ ಮಾಡಿದಾಗ ಸುಣ್ಣಕ್ಕೆ ಒಂದು ಮಳೆಗಾಲವನ್ನೂ ಒಂದು ಚಳಿಗಾಲವನ್ನೂ ಕಾಣುವಷ್ಟು ಸಮಯ ಸಿಗುತ್ತದೆ, ಮೊದಲ ಮಳೆಯಲ್ಲಿ ಸೋರುವ ಕಡೆಗಳನ್ನು ಮಂಚಗಳು ಮರಳಿ ಬರುವ ಮುಂಚೆಯೇ ಗುರುತುಹಾಕಿಕೊಳ್ಳಲೂ ಆಗುತ್ತದೆ.